ಹಳೇ ಗೇಮ್, ಅಗಲ ಸ್ಕ್ರೀನ್: ಹಿಗ್ಗಿದ ಚಿತ್ರವನ್ನು ಸರಿ ಮಾಡುವುದು ಹೇಗೆ?

ಜಿಟಿಎ ವೈಸ್ ಸಿಟಿ ಎಂಬ ಹಳೇ ಗೇಮನ್ನು ಈಗಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿ. ಅದರ ಹೀರೋ ಟಾಮಿ ಯಾಕೋ ಊದಿಕೊಂಡಿದ್ದಾನೆ ಅನ್ನಿಸುತ್ತದೆ. ಕಾರುಗಳೆಲ್ಲ ಚಪ್ಪಟೆ. ಎಡ ಮೂಲೆಯ ರೇಡಾರ್, ಅಂದರೆ ದಾರಿ ತೋರಿಸುವ ಪುಟ್ಟ ನಕ್ಷೆ, ದುಂಡಗಿರುವುದು ಬಿಟ್ಟು ಮೊಟ್ಟೆಯಾಗಿರುತ್ತದೆ. ಗೇಮ್ ಕೆಟ್ಟಿಲ್ಲ, ಲ್ಯಾಪ್‌ಟಾಪಿಗೂ ಏನೂ ಆಗಿಲ್ಲ. ಆ ಗೇಮ್ ಪಿಸಿಗೆ ಬಂದದ್ದು 2003ರಲ್ಲಿ. ಆಗ ಮನೆಯಲ್ಲಿ, ಸೈಬರ್ ಕೆಫೆಯಲ್ಲಿ ಇದ್ದದ್ದು ಹೆಚ್ಚಾಗಿ ಹಿಂದೆ ದಪ್ಪಗಿದ್ದ ಸಿಆರ್‌ಟಿ ಮಾನಿಟರ್. ಅದರ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಸ್ಕ್ರೀನ್ ಹೆಚ್ಚಾಗಿ 16ಕ್ಕೆ 9. 4:3 ಚಿತ್ರವನ್ನು ಅಷ್ಟಗಲಕ್ಕೆ ಎಳೆದರೆ ಕಾಣುವುದೆಲ್ಲ ಮೂರನೇ ಒಂದು ಭಾಗ ಜಾಸ್ತಿ ಅಗಲವಾಗುತ್ತದೆ.

ಇದನ್ನು ಸರಿ ಮಾಡಬಹುದು. ದುಡ್ಡೂ ಬೇಕಿಲ್ಲ. ಆದರೆ ಎಲ್ಲ ಗೇಮಿಗೂ ಒಂದೇ ದಾರಿ ನಡೆಯುವುದಿಲ್ಲ. ನೆಟ್‌ನಲ್ಲಿ ಸಿಕ್ಕ ಪ್ಯಾಚ್ (ಗೇಮನ್ನು ತಿದ್ದುವ ಫೈಲ್) ತಂದು ಸುಮ್ನೆ ಫೋಲ್ಡರಿಗೆ ಸುರಿಯುವ ಮೊದಲು ನಿಮ್ಮ ಗೇಮಿನ ತೊಂದರೆ ಯಾವ ಜಾತಿಯದ್ದು ಅಂತ ನೋಡಿಕೊಳ್ಳಿ. ಇನ್ನೊಂದು ಮಾತು: ಸೆಟ್ಟಿಂಗಿನ ಹೆಸರು, ಫೈಲಿನ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷಿನಲ್ಲೇ ಇರುತ್ತವೆ, ಟೈಪ್ ಮಾಡುವಾಗಲೂ ಹಾಗೇ ಮಾಡಿ.

ಮೊದಲು ಒಂದು ದುಂಡನೆಯ ವಸ್ತು ಹುಡುಕಿ

ಗೇಮಿನೊಳಗೆ ದುಂಡಗಿರಲೇಬೇಕಾದ ಏನಾದರೂ ಇರುತ್ತದೆ. ವೈಸ್ ಸಿಟಿಯಲ್ಲಿ ರೇಡಾರ್. ಕಾರ್ ರೇಸಿನ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್‌ನಲ್ಲಿ ಸ್ಪೀಡೋಮೀಟರ್. ಏನೂ ಇಲ್ಲದಿದ್ದರೆ ಪಕ್ಕದಿಂದ ಕಾಣುವ ಕಾರಿನ ಚಕ್ರ. ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ಅಗಲ, ಎತ್ತರ ಎರಡನ್ನೂ ಅಳೆಯಿರಿ. ತಮಾಷೆ ಅನ್ನಿಸಬಹುದು, ಆದರೆ ಕಣ್ಣು ಬೇಗ ಒಗ್ಗಿಹೋಗುತ್ತದೆ. ಹತ್ತು ನಿಮಿಷ ಆಡಿದರೆ ಹಿಗ್ಗಿದ ಚಿತ್ರವೂ ಸರಿಯಾಗೇ ಇದೆ ಅನ್ನಿಸತೊಡಗುತ್ತದೆ. ಸ್ಕೇಲ್ ಒಗ್ಗುವುದಿಲ್ಲ ಅಲ್ವಾ?

ಅಗಲ ಜಾಸ್ತಿ ಬಂದರೆ ಚಿತ್ರ ಹಿಗ್ಗಿದೆ ಎಂದರ್ಥ. ಹೆಚ್ಚಿನವರಿಗೆ ಇರುವ ತೊಂದರೆ ಇದೇ.

ದುಂಡಗೇ ಇದೆ, ಆದರೆ ಎಲ್ಲವೂ ಹತ್ತಿರ ಬಂದಂತಿದೆ, ಕೈಯಲ್ಲಿರುವ ಬಂದೂಕು ಪೂರ್ತಿ ಕಾಣುತ್ತಿಲ್ಲ ಅಂದರೆ ಅದು ಬೇರೆ. ಅಲ್ಲಿ ಗೇಮ್ ಅಗಲ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದೆ. 4:3ರಿಂದ 16:9ಕ್ಕೆ ಹೀಗೆ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗ ಚಿತ್ರ ಹೋದಂತೆ. ಇದನ್ನು ಗೇಮರ್‌ಗಳು ವರ್ಟ್ ಮೈನಸ್ ಅನ್ನುತ್ತಾರೆ. ಇದಕ್ಕೆ ಉಲ್ಟಾ ಹಾರ್ ಪ್ಲಸ್: ಎತ್ತರ ಇದ್ದಷ್ಟೇ ಇರುತ್ತದೆ, ಎಡಕ್ಕೂ ಬಲಕ್ಕೂ ಹೆಚ್ಚು ಕಾಣುತ್ತದೆ. 3ಡಿ ಗೇಮಿನಲ್ಲಿ ನಮಗೆ ಬೇಕಾದದ್ದು ಹಾರ್ ಪ್ಲಸ್.

ಚಿತ್ರದ ಅರ್ಧ ಸ್ಕ್ರೀನಿನ ಹೊರಗೇ ಹೋಗಿದ್ದರೆ ಅದು ವಿಂಡೋಸ್ ತೊಂದರೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಎಲ್ಲರೂ ಮೊದಲು ಮಾಡಬೇಕಾದ್ದು: ಗ್ರಾಫಿಕ್ಸ್ ಸೆಟ್ಟಿಂಗ್

ಗೇಮನ್ನು ಮುಟ್ಟುವುದೇ ಬೇಡ. ಚಿತ್ರವನ್ನು ಎಳೆಯಬೇಡ, ಬಂದ ಅಳತೆಯಲ್ಲೇ ತೋರಿಸು ಅಂತ ಗ್ರಾಫಿಕ್ಸ್ ಡ್ರೈವರಿಗೆ (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರಿಗೆ) ಹೇಳಿದರೆ ಸಾಕು. ಚಿತ್ರ ನಡುವೆ ಬರುತ್ತದೆ, ಎರಡೂ ಪಕ್ಕ ಕಪ್ಪು ಪಟ್ಟಿ ಉಳಿಯುತ್ತದೆ. 1920x1080 ಸ್ಕ್ರೀನಿನಲ್ಲಿ ನಡುವಿನ 1440 ಪಿಕ್ಸೆಲ್ ಗೇಮಿಗೆ, ಎಡಬಲ 240 ಪಿಕ್ಸೆಲ್ ಖಾಲಿ. ಸಾಮಾನ್ಯ ಫುಲ್‌ಸ್ಕ್ರೀನಿನಲ್ಲಿ ಓಡುವ ಹೆಚ್ಚಿನ 4:3 ಗೇಮುಗಳಿಗೆ ಇದು ಆಗುತ್ತದೆ.

ನಿಮ್ಮ ಗ್ರಾಫಿಕ್ಸ್ ಚಿಪ್ ಎನ್‌ವಿಡಿಯಾ ಕಂಪನಿಯದ್ದಾದರೆ:

1. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ.
2. ಡಿಸ್‌ಪ್ಲೇ ಕೆಳಗೆ "ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಅಂಡ್ ಪೊಸಿಷನ್" ಒತ್ತಿ.
3. ಸ್ಕೇಲಿಂಗ್‌ನಲ್ಲಿ "ಆಸ್ಪೆಕ್ಟ್ ರೇಷಿಯೋ" ಆರಿಸಿ.
4. ಸ್ಕೇಲಿಂಗ್ ಯಾರು ಮಾಡಬೇಕು ಎನ್ನುವಲ್ಲಿ "ಜಿಪಿಯು" (ಗ್ರಾಫಿಕ್ಸ್ ಚಿಪ್) ಆರಿಸಿ.
5. "ಓವರ್‌ರೈಡ್" ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿ, ಅಪ್ಲೈ ಒತ್ತಿ.

ಎಎಂಡಿ ಆದರೆ ಅಡ್ರೆನಲಿನ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್‌ಗೆ ಹೋಗಿ. ಡಿಸ್‌ಪ್ಲೇ ಭಾಗದಲ್ಲಿ ಜಿಪಿಯು ಸ್ಕೇಲಿಂಗ್ ಆನ್ ಮಾಡಿ, ಸ್ಕೇಲಿಂಗ್ ಮೋಡ್‌ನಲ್ಲಿ "ಪ್ರಿಸರ್ವ್ ಆಸ್ಪೆಕ್ಟ್ ರೇಷಿಯೋ" ಆರಿಸಿ. ಅಷ್ಟೇ.

ಇಂಟೆಲ್‌ನಲ್ಲಿ ಮಾತ್ರ ಸ್ವಲ್ಪ ಕಿರಿಕಿರಿ. ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರಿನ ಡಿಸ್‌ಪ್ಲೇ ಪುಟದಲ್ಲಿ ಸ್ಕೇಲ್ ಅಂತ ಇರುತ್ತದೆ. ಅಲ್ಲಿ "ಮೇಂಟೇನ್ ಆಸ್ಪೆಕ್ಟ್ ರೇಷಿಯೋ" ಬೇಕು. ಎಷ್ಟೋ ಸಲ ಆ ಆಯ್ಕೆಯೇ ಕಾಣುವುದಿಲ್ಲ. ಸ್ಕ್ರೀನ್ ತನ್ನ ಪೂರ್ತಿ ರೆಸಲ್ಯೂಷನ್ನಿನಲ್ಲಿದ್ದಾಗ ಸ್ಕೇಲ್ ಮಾಡುವಂಥದ್ದು ಏನೂ ಇಲ್ಲ ಅಂತ ಅದು ಅಡಗಿಸಿಡುತ್ತದೆ. ಹಾಗಾಗಿ ಮೊದಲು ಡೆಸ್ಕ್‌ಟಾಪನ್ನೇ 1024x768ಕ್ಕೆ ಇಳಿಸಿ. ಈಗ ಆಯ್ಕೆ ಕಾಣುತ್ತದೆ. ಆರಿಸಿ, ಅಪ್ಲೈ ಮಾಡಿ, ಮತ್ತೆ ಮೊದಲಿನ ರೆಸಲ್ಯೂಷನ್ನಿಗೆ ಬನ್ನಿ.

ಎನ್‌ವಿಡಿಯಾ ಇರುವ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದರೆ ಡಿಸ್‌ಪ್ಲೇ ಎಂಬ ಭಾಗವೇ ಇಲ್ಲದಿರಬಹುದು. ಗಾಬರಿ ಬೇಡ. ಅಂಥವುಗಳಲ್ಲಿ ಲೆಕ್ಕ ಹಾಕುವುದು ಎನ್‌ವಿಡಿಯಾ, ಸ್ಕ್ರೀನಿನ ವೈರ್ ಹೋಗಿರುವುದು ಮಾತ್ರ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿಗೆ. ಈ ಸೆಟ್ಟಿಂಗನ್ನು ಇಂಟೆಲ್ ಅಥವಾ ಎಎಂಡಿ ಕಡೆಯಿಂದಲೇ ಮಾಡಬೇಕು.

ಇಷ್ಟಾದ ಮೇಲೆ ಗೇಮಿನೊಳಗೆ 4:3 ರೆಸಲ್ಯೂಷನ್ನನ್ನೇ ಆರಿಸಿ: 800x600, 1024x768, 1280x960, ಹೀಗೆ. 1280x1024 ದೊಡ್ಡದು ಅಂತ ಅದಕ್ಕೆ ಕೈಹಾಕಬೇಡಿ. ಅದು 4:3 ಅಲ್ಲ, 5:4. ಚಿತ್ರ ತುಸು ಕಿರಿದಾಗುತ್ತದೆ. ಹಳೇ 1366x768 ಲ್ಯಾಪ್‌ಟಾಪ್ ಇರುವವರು ಅದೃಷ್ಟವಂತರು. 1024x768 ಅದರಲ್ಲಿ ಎತ್ತರಕ್ಕೆ ಸರಿಯಾಗಿ ಕೂರುತ್ತದೆ, ಒಂದು ಪಿಕ್ಸೆಲ್ಲಿಗೆ ಒಂದು ಪಿಕ್ಸೆಲ್, ಮಸುಕೇ ಇಲ್ಲ. ಫುಲ್ ಎಚ್‌ಡಿ ಇರುವವರು ಎನ್‌ವಿಡಿಯಾದಲ್ಲಿ 1440x1080 ಅಂತ ಕಸ್ಟಮ್ ರೆಸಲ್ಯೂಷನ್ ಮಾಡಿಕೊಂಡು ಅದನ್ನೇ ಗೇಮಿನಲ್ಲಿ ಆರಿಸಬಹುದು. ಗೇಮ್ ಪಟ್ಟಿಯಲ್ಲಿ ಅದು ಕಂಡರೆ ಚಿತ್ರ ಚೂಪಾಗಿ ಬರುತ್ತದೆ.

ಕಪ್ಪು ಪಟ್ಟಿ ನೋಡಿದರೆ ಕೆಲವರಿಗೆ ಆಗುವುದಿಲ್ಲ. ಕೊಟ್ಟ ದುಡ್ಡಿಗೆ ಪೂರ್ತಿ ಸ್ಕ್ರೀನ್ ತುಂಬಬೇಕು ಅನ್ನುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಕ್ರಿಕೆಟ್ 07 ಇರಲಿ, ಐಜಿಐ ಇರಲಿ, ಪಟ್ಟಿಯ ಜೊತೆ ಸರಿಯಾಗಿ ಕಂಡರೆ ಅದೇ ಚೆನ್ನ. ಬ್ಯಾಟ್ಸ್‌ಮನ್‌ಗಳೆಲ್ಲ ಕುಳ್ಳಗೆ ಡುಮ್ಮಗೆ ಕಾಣುವ ಪಂದ್ಯವನ್ನು ಎಷ್ಟು ಹೊತ್ತು ಆಡ್ತೀರಿ?

3ಡಿ ಗೇಮಿಗೆ ನಿಜವಾದ ವೈಡ್‌ಸ್ಕ್ರೀನ್

3ಡಿ ಗೇಮಿನಲ್ಲಿ ಪಟ್ಟಿಗೆ ತೃಪ್ತಿಪಡಬೇಕಿಲ್ಲ. ಅಲ್ಲಿ ದೃಶ್ಯವನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಬರೆಯಲಾಗುತ್ತದೆ. ಕ್ಯಾಮೆರಾದ ಕೋನ ಅಗಲ ಮಾಡಿದರೆ ಪಕ್ಕದ ರಸ್ತೆ, ಕಟ್ಟಡ ಎಲ್ಲ ತಾನಾಗೇ ಬರುತ್ತವೆ. ಅಡ್ಡಿ ಇಷ್ಟೇ: ಆಗಿನ ಪ್ರೋಗ್ರಾಮರ್‌ಗಳು ಎಷ್ಟೋ ಕಡೆ 4:3 ಎಂಬುದನ್ನು ಕೋಡಿನಲ್ಲೇ ಬರೆದುಬಿಟ್ಟಿದ್ದಾರೆ. ವೈಸ್ ಸಿಟಿಯ ಪಟ್ಟಿಯಲ್ಲಿ 1920x1080 ಸಿಗುತ್ತದೆ, ಆರಿಸಲೂಬಹುದು, ಆದರೂ ಚಿತ್ರ ಹಿಗ್ಗಿಯೇ ಬರುತ್ತದೆ. ಅದರ ಮೆನುವಿನಲ್ಲಿರುವ ವೈಡ್‌ಸ್ಕ್ರೀನ್ ಆಯ್ಕೆ ನಂಬಿ ಕೂರಬೇಡಿ. ಅದರಿಂದ ಇದು ಸರಿಹೋಗುವುದಿಲ್ಲ.

ಇಂಥ ಗೇಮುಗಳಿಗೆ ಥರ್ಟೀನ್‌ಎಜಿ ಎಂಬ ಹೆಸರಿನ ಡೆವಲಪರ್ ಗಿಟ್‌ಹಬ್ ಎಂಬ ವೆಬ್‌ಸೈಟಿನಲ್ಲಿ ವೈಡ್‌ಸ್ಕ್ರೀನ್ ಫಿಕ್ಸಸ್ ಪ್ಯಾಕ್ ಅಂತ ಇಟ್ಟಿದ್ದಾರೆ. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್, ಮ್ಯಾಕ್ಸ್ ಪೇನ್, ನೀಡ್ ಫಾರ್ ಸ್ಪೀಡ್‌ನ ಅಂಡರ್‌ಗ್ರೌಂಡ್, ಮೋಸ್ಟ್ ವಾಂಟೆಡ್, ಕಾರ್ಬನ್ ಎಲ್ಲ ಅದರಲ್ಲಿವೆ. ಒಂದೊಂದಕ್ಕೂ ಬೇರೆ ಜಿಪ್ ಫೈಲ್. 2005ರ ಮೋಸ್ಟ್ ವಾಂಟೆಡ್ ಹಿಡಿದು ಹೇಳುತ್ತೇನೆ, ಉಳಿದವೂ ಹೆಚ್ಚುಕಡಿಮೆ ಇದೇ ಕ್ರಮ.

1. ಗೇಮ್ ಪ್ರೋಗ್ರಾಮ್ ಫೈಲ್ಸ್‌ನಲ್ಲಿದ್ದರೆ ಅಲ್ಲಿಂದ ತೆಗೆಯಿರಿ. ಸಿ ಡ್ರೈವ್‌ನಲ್ಲಿ ಗೇಮ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿ. ಪ್ರೋಗ್ರಾಮ್ ಫೈಲ್ಸ್ ಒಳಗೆ ಬರೆಯಲು ವಿಂಡೋಸ್ ಅನುಮತಿ ಕೊಡುವುದಿಲ್ಲ. ಬದಲಿಸಿದ ಸೆಟ್ಟಿಂಗ್ ಉಳಿದಿಲ್ಲ ಅಂತ ತಲೆ ಕೆರೆದುಕೊಳ್ಳುವ ಬಹಳ ಜನರ ತೊಂದರೆ ಇದೇ.
2. ಗೇಮಿಗೆ 1.3 ಪ್ಯಾಚ್ ಹಾಕಿ. ಫಿಕ್ಸ್ ಬರೆದಿರುವುದು ಆ ಆವೃತ್ತಿಯ ಸ್ಪೀಡ್ ಡಾಟ್ ಎಕ್ಸ್‌ಇ ಫೈಲಿಗೆ. ಬೇರೆಯದ್ದಾದರೆ ಕೆಲಸ ಮಾಡುವುದಿಲ್ಲ.
3. ಜಿಪ್ ತೆರೆದರೆ ಡಿಇನ್‌ಪುಟ್8 ಎಂಬ ಡಿಎಲ್‌ಎಲ್ (ಪ್ರೋಗ್ರಾಮಿಗೆ ನೆರವಾಗುವ ಕೋಡ್ ಇರುವ ಫೈಲ್) ಮತ್ತು ಸ್ಕ್ರಿಪ್ಟ್ಸ್ ಎಂಬ ಫೋಲ್ಡರ್ ಸಿಗುತ್ತವೆ. ಎರಡನ್ನೂ ಸ್ಪೀಡ್ ಡಾಟ್ ಎಕ್ಸ್‌ಇ ಇರುವ ಜಾಗದಲ್ಲೇ ಇಡಿ. ಇನ್ನೊಂದು ಫೋಲ್ಡರಿನೊಳಗೆ ಫೋಲ್ಡರ್ ಆಗಿ ಇಡಬೇಡಿ.
4. ಸ್ಕ್ರಿಪ್ಟ್ಸ್ ಒಳಗಿನ ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ರೆಸ್‌ಎಕ್ಸ್, ರೆಸ್‌ವೈ ಎರಡೂ 0 ಇದ್ದರೆ ಡೆಸ್ಕ್‌ಟಾಪಿನ ರೆಸಲ್ಯೂಷನ್ನೇ ತೆಗೆದುಕೊಳ್ಳುತ್ತದೆ. ಹಾಗೇ ಬಿಡಿ.
5. ಗೇಮ್ ಶುರು ಮಾಡಿ, ಸ್ಪೀಡೋಮೀಟರಿಗೆ ಮತ್ತೆ ಸ್ಕೇಲ್ ಹಿಡಿಯಿರಿ.

ಆ ಡಿಎಲ್‌ಎಲ್ ಮಾಡುವ ಕೆಲಸ ಕುತೂಹಲದ್ದು. ಗೇಮ್ ಶುರುವಾಗುವಾಗ ವಿಂಡೋಸಿನ ಆ ಹೆಸರಿನ ಫೈಲನ್ನು ಕೇಳುತ್ತದೆ. ತನ್ನ ಫೋಲ್ಡರಿನಲ್ಲೇ ಅದೇ ಹೆಸರಿನದ್ದು ಸಿಕ್ಕರೆ ಅದನ್ನೇ ಎತ್ತಿಕೊಳ್ಳುತ್ತದೆ. ಅದು ಸ್ಕ್ರಿಪ್ಟ್ಸ್ ಒಳಗಿನ ಫಿಕ್ಸನ್ನು ಗೇಮಿನ ಮೆಮೊರಿಗೆ ಸೇರಿಸಿ, 4:3 ಬರೆದಿರುವ ಕಡೆಯಲ್ಲೆಲ್ಲ ನಿಮ್ಮ ಸ್ಕ್ರೀನಿನ ಅಳತೆ ಬರೆಯುತ್ತದೆ. ಡಿಸ್ಕಿನಲ್ಲಿರುವ ಗೇಮ್ ಫೈಲ್ ಬದಲಾಗುವುದಿಲ್ಲ. ಬೇಡವೆನಿಸಿದರೆ ಎರಡನ್ನೂ ಅಳಿಸಿ, ಗೇಮ್ ಮೊದಲಿನಂತಾಗುತ್ತದೆ. ಇದೇ ಕಾರಣಕ್ಕೆ ಕೆಲವು ಆಂಟಿವೈರಸ್‌ಗಳು ಇಂಥ ಫೈಲನ್ನು ನೋಡಿ ಕೂಗುತ್ತವೆ. ಗಿಟ್‌ಹಬ್‌ನ ಮೂಲ ಪುಟದಿಂದಲೇ ಇಳಿಸಿಕೊಂಡಿದ್ದರೆ ಆ ಒಂದು ಫೋಲ್ಡರಿಗೆ ವಿನಾಯಿತಿ ಕೊಡಬಹುದು. ಯೂಟ್ಯೂಬ್ ವೀಡಿಯೋ ಕೆಳಗಿನ ಅಡ್ಡಾದಿಡ್ಡಿ ಲಿಂಕಿನಿಂದ ತಂದಿದ್ದಾದರೆ ಆಂಟಿವೈರಸ್ ಮಾತೇ ಕೇಳಿ.

ನಿಮ್ಮ ಗೇಮ್ ಈ ಪ್ಯಾಕಿನಲ್ಲಿ ಇಲ್ಲವಾ? ಪಿಸಿಗೇಮಿಂಗ್‌ವಿಕಿ ಎಂಬ ವೆಬ್‌ಸೈಟಿನಲ್ಲಿ ಗೇಮಿನ ಹೆಸರು ಹುಡುಕಿ. ವೀಡಿಯೋ ಭಾಗದಲ್ಲಿ ವೈಡ್‌ಸ್ಕ್ರೀನ್ ರೆಸಲ್ಯೂಷನ್ ಎಂಬ ಸಾಲೇ ಇರುತ್ತದೆ. ತಾನಾಗಿ ಬರುತ್ತದಾ, ಪ್ಯಾಚ್ ಬೇಕಾ, ಆಗುವುದೇ ಇಲ್ಲವಾ ಅಂತ ಒಂದು ಗುರುತು ಹಾಕಿರುತ್ತಾರೆ.

ಶೂಟಿಂಗ್ ಗೇಮುಗಳು

ಇಲ್ಲಿ ಎಷ್ಟೋ ಸಲ ಪ್ಯಾಚೇ ಬೇಡ, ಗೇಮಿನೊಳಗಿನ ಕನ್ಸೋಲ್ (ಆದೇಶ ಟೈಪ್ ಮಾಡುವ ಜಾಗ) ಸಾಕು. ಕ್ವೇಕ್ 3 ಉದಾಹರಣೆ. ಎಸ್ಕೇಪ್ ಕೆಳಗಿನ ಕೀ ಒತ್ತಿ ಕನ್ಸೋಲ್ ಇಳಿಸಿ. ಆರ್ ಅಂಡರ್‌ಸ್ಕೋರ್ ಮೋಡ್‌ಗೆ ಮೈನಸ್ 1 ಕೊಡಿ. ಆರ್ ಅಂಡರ್‌ಸ್ಕೋರ್ ಕಸ್ಟಮ್‌ವಿಡ್ತ್‌ಗೆ 1920, ಆರ್ ಅಂಡರ್‌ಸ್ಕೋರ್ ಕಸ್ಟಮ್‌ಹೈಟ್‌ಗೆ 1080. ನಂತರ ವಿಡ್ ಅಂಡರ್‌ಸ್ಕೋರ್ ರೀಸ್ಟಾರ್ಟ್. ಚಿತ್ರ ಅಗಲವಾಯಿತು, ಆದರೆ ಮೇಲೆ ಕೆಳಗೆ ಕತ್ತರಿ ಬಿದ್ದಿದೆ. ಅದಕ್ಕೆ ನೋಟದ ಕೋನವನ್ನು ಹೇಳುವ ಸಿಜಿ ಅಂಡರ್‌ಸ್ಕೋರ್ ಎಫ್‌ಒವಿಯನ್ನು 90ರಿಂದ 106ಕ್ಕೆ ಏರಿಸಿ.

106 ಎಲ್ಲಿಂದ ಬಂತು? 4:3ರಲ್ಲಿ ಅಡ್ಡ ನೋಟ 90 ಡಿಗ್ರಿ. ಎತ್ತರದ ನೋಟ ಹಾಗೇ ಇಟ್ಟುಕೊಂಡು 16:9ಕ್ಕೆ ಲೆಕ್ಕ ಹಾಕಿದರೆ 106 ಬರುತ್ತದೆ. 16:10 ಸ್ಕ್ರೀನಿಗೆ 100, 2560x1080 ಇರುವ ಉದ್ದನೆಯ ಮಾನಿಟರಿಗೆ 121. 90 ಡಿಗ್ರಿಯನ್ನೇ ಇಟ್ಟುಕೊಂಡ ಯಾವ ಹಳೇ ಶೂಟಿಂಗ್ ಗೇಮಿಗೂ ಈ ಸಂಖ್ಯೆಗಳೇ ನಡೆಯುತ್ತವೆ.

1998ರ ಹಾಫ್-ಲೈಫ್‌ಗೆ 25 ವರ್ಷ ತುಂಬಿದಾಗ, 2023ರ ನವೆಂಬರಿನಲ್ಲಿ, ವಾಲ್ವ್ ಕಂಪನಿಯೇ ಅಪ್‌ಡೇಟ್ ಕೊಟ್ಟು ವೈಡ್‌ಸ್ಕ್ರೀನ್ ನೋಟ ಸರಿ ಮಾಡಿತು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಇದನ್ನು ಕೊಂಡವರು ಸೆಟ್ಟಿಂಗ್ ನೋಡಿಕೊಂಡರೆ ಸಾಕು. ಡೂಮ್, ಕ್ವೇಕ್‌ನಂಥವುಗಳ ಸೋರ್ಸ್ ಕೋಡೇ ಹೊರಗಿದೆ, ಯಾರು ಬೇಕಾದರೂ ತಿದ್ದಬಹುದು. ಡೂಮ್‌ಗೆ ಹಾಗೆ ತಿದ್ದಿ ಮಾಡಿದ ಜಿಝಡ್‌ಡೂಮ್ ಹಾಕಿಕೊಂಡರೆ ಈ ಗೊಡವೆಯೇ ಇಲ್ಲ.

2ಡಿ ಗೇಮ್ ಬೇರೆ ಲೆಕ್ಕ

2ಡಿಯಲ್ಲಿ ಚಿತ್ರ ಮೊದಲೇ ಬರೆದಿಟ್ಟದ್ದು. ಅಗಲ ಮಾಡಿದರೆ ಪಕ್ಕದಲ್ಲಿ ತೋರಿಸಲು ಏನಾದರೂ ಇರಬೇಕಲ್ಲ. ಏಜ್ ಆಫ್ ಎಂಪೈರ್ಸ್ 2ರಲ್ಲಿ ಇದೆ, ಯಾಕೆಂದರೆ ಭೂಪಟ ದೊಡ್ಡದು. 1999ರ ಆ ಗೇಮಿನ ಕಾಂಕರರ್ಸ್ ಆವೃತ್ತಿಗೆ ಯೂಸರ್‌ಪ್ಯಾಚ್ ಎಂಬುದು ಸಿಗುತ್ತದೆ. ಗೇಮನ್ನು 1.0ಸಿ ಗೆ ಅಪ್‌ಡೇಟ್ ಮಾಡಿ, ಪ್ಯಾಚಿನ ಸೆಟಪ್ ಫೈಲನ್ನು ಗೇಮ್ ಫೋಲ್ಡರಿನಲ್ಲೇ ಇಟ್ಟು ಓಡಿಸಿ. ಹೊಸ ವಿಂಡೋಸಿನಲ್ಲಿ ನೀರು, ಹುಲ್ಲು ಎಲ್ಲ ಬಣ್ಣಗೆಡುವ ಹಳೇ ಕಾಟವೂ ಇದರಿಂದಲೇ ಹೋಗುತ್ತದೆ. ಆದರೆ 1920x1080ರಲ್ಲಿ ರೈತರು, ಕುದುರೆಗಳು ತೀರಾ ಸಣ್ಣಗೆ ಕಾಣುತ್ತವೆ. ಕಣ್ಣಿಗೆ ಕಷ್ಟವಾದರೆ 1280x720 ಇಟ್ಟು ನೋಡಿ.

ಒಂದೇ ಪರದೆಯೊಳಗೆ ಮುಗಿಯುವ ಗೇಮಿಗೆ ವೈಡ್‌ಸ್ಕ್ರೀನ್ ಎಂಬುದೇ ಇಲ್ಲ. ಅಲ್ಲಿ ಕಪ್ಪು ಪಟ್ಟಿಯೇ ಸರಿ.

ಡಾಸ್ ಗೇಮುಗಳ ಗುಟ್ಟು

ಡಾಸ್ ಅಂದರೆ ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ. ಅದರಲ್ಲಿ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಆಡಿದವರು ಇದನ್ನು ಗಮನಿಸಿ. ಇವುಗಳ ಅಳತೆ 320x200. ಭಾಗಿಸಿದರೆ 16:10. ಹಾಗಾದರೆ ಅಗಲ ಸ್ಕ್ರೀನಿಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ ಅಲ್ವಾ? ಅಲ್ಲವೇ ಅಲ್ಲ. ಆಗಿನ ಮಾನಿಟರ್ ಈ 200 ಸಾಲುಗಳನ್ನು 4:3 ಎತ್ತರಕ್ಕೆ ಎಳೆದು ತೋರಿಸುತ್ತಿತ್ತು. ಅಂದರೆ ಒಂದೊಂದು ಪಿಕ್ಸೆಲ್ಲೂ ಚೌಕ ಅಲ್ಲ, ಅಗಲಕ್ಕಿಂತ ಎತ್ತರ ಐದನೇ ಒಂದು ಭಾಗ ಜಾಸ್ತಿ. ಚಿತ್ರ ಬರೆದವರು ಅದನ್ನು ನೋಡಿಕೊಂಡೇ ಬರೆದಿದ್ದರು. ಈಗ ಚೌಕ ಪಿಕ್ಸೆಲ್ಲಿನಲ್ಲಿ ತೋರಿಸಿದರೆ ರಾಜಕುಮಾರ ಕುಳ್ಳನಾಗುತ್ತಾನೆ.

ಡಾಸ್ ಗೇಮನ್ನು ವಿಂಡೋಸಿನಲ್ಲಿ ಓಡಿಸುವ ಡಾಸ್‌ಬಾಕ್ಸ್‌ನಲ್ಲಿ ಸರಿ ಮಾಡುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಡಾಸ್‌ಬಾಕ್ಸ್ ಜೊತೆ ಆಪ್ಷನ್ಸ್ ಎಂಬುದು ಇರುತ್ತದೆ. ಒತ್ತಿದರೆ ಸೆಟ್ಟಿಂಗ್ ಫೈಲ್ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಫುಲ್‌ರೆಸಲ್ಯೂಷನ್ ಸಾಲಿಗೆ ಡೆಸ್ಕ್‌ಟಾಪ್ ಅಂತ ಬರೆಯಿರಿ. ಔಟ್‌ಪುಟ್ ಸಾಲಿಗೆ ಓಪನ್‌ಜಿಎಲ್. ರೆಂಡರ್ ಭಾಗದ ಆಸ್ಪೆಕ್ಟ್ ಸಾಲಿಗೆ ಟ್ರೂ. ಸೇವ್ ಮಾಡಿ. ಗೇಮ್ ಶುರುವಾದ ಮೇಲೆ ಆಲ್ಟ್ ಮತ್ತು ಎಂಟರ್ ಒತ್ತಿದರೆ ಫುಲ್‌ಸ್ಕ್ರೀನ್. ಇಷ್ಟೂ ಬೇಡ ಅನ್ನುವವರು ಅದರ ಹೊಸ ರೂಪವಾದ ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೊಳ್ಳಿ. ಅದು ಈ ತಿದ್ದುಪಡಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಶುರುವೇ ಆಗದ ಗೇಮಿಗೆ

1995ರಿಂದ 2000ದ ಆಸುಪಾಸಿನ ವಿಂಡೋಸ್ ಗೇಮುಗಳಲ್ಲಿ ಬಹಳಷ್ಟು, ಚಿತ್ರ ತೋರಿಸಲು ಡೈರೆಕ್ಟ್‌ಡ್ರಾ ಎಂಬ ಹಳೇ ವಿಧಾನ ಬಳಸುತ್ತವೆ. ಹೊಸ ವಿಂಡೋಸಿನಲ್ಲಿ ಅವು ಮಿನುಗುತ್ತವೆ, ಕಪ್ಪಾಗುತ್ತವೆ, ಅಥವಾ ನೀವು ಮಾಡಿದ ಸ್ಕೇಲಿಂಗ್ ಸೆಟ್ಟಿಂಗಿಗೆ ಸೊಪ್ಪು ಹಾಕುವುದಿಲ್ಲ. ಆಗ ಆ ಹಳೇ ವಿಧಾನವನ್ನು ಹೊಸ ಗ್ರಾಫಿಕ್ಸಿಗೆ ಹೊಂದಿಸುವ ಡಿಜಿವೂಡೂ 2 ಎಂಬ ಸಾಫ್ಟ್‌ವೇರ್ ಬಳಸಿ. ಅದರ ಎಂಎಸ್ ಫೋಲ್ಡರಿನ ಎಕ್ಸ್86 ಒಳಗಿರುವ ಡಿಎಲ್‌ಎಲ್‌ಗಳನ್ನೂ, ಕಂಟ್ರೋಲ್ ಪ್ಯಾನೆಲ್ ಫೈಲನ್ನೂ ಗೇಮಿನ ಎಕ್ಸ್‌ಇ ಪಕ್ಕ ಇಡಿ. ಕಂಟ್ರೋಲ್ ಪ್ಯಾನೆಲ್ ತೆರೆದು ಸ್ಕೇಲಿಂಗ್ ಮೋಡನ್ನು "ಸ್ಟ್ರೆಚ್ಡ್, 4:3 ಆಸ್ಪೆಕ್ಟ್ ರೇಷಿಯೋ" ಮಾಡಿ. ಡೈರೆಕ್ಟ್‌ಎಕ್ಸ್ ಪುಟದಲ್ಲಿ ವಾಟರ್‌ಮಾರ್ಕ್ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಮೂಲೆಯಲ್ಲಿ ಅದರ ಹೆಸರು ಕೂತಿರುತ್ತದೆ. ಪೂರ್ತಿ 2ಡಿ ಗೇಮ್ ಆದರೆ ಇದೇ ಕೆಲಸಕ್ಕೆ ಸಿಎನ್‌ಸಿ-ಡಿಡ್ರಾ ಇನ್ನೂ ಹಗುರ. ಅದನ್ನು ಮೊದಲು ಮಾಡಿದ್ದು ಕಮಾಂಡ್ ಅಂಡ್ ಕಾಂಕರ್ ಎಂಬ ಗೇಮಿಗಾಗಿ. ಈಗ ಬೇರೆ ಗೇಮುಗಳಿಗೂ ನಡೆಯುತ್ತದೆ.

ಕೊನೆಯ ಅಸ್ತ್ರ

ಪ್ಯಾಚ್ ಯಾರೂ ಮಾಡಿಲ್ಲ, ಗೇಮ್ 3ಡಿ, ಪಟ್ಟಿಯೂ ಬೇಡ. ಆಗ ಹೆಕ್ಸ್ ಎಡಿಟರ್, ಅಂದರೆ ಫೈಲಿನೊಳಗಿನ ಬೈಟ್‌ಗಳನ್ನೇ ತಿದ್ದುವ ಸಾಫ್ಟ್‌ವೇರ್, ಉಳಿಯುತ್ತದೆ. ಎಚ್‌ಎಕ್ಸ್‌ಡಿ ಎಂಬುದು ಉಚಿತ. ಮೊದಲು ಎಕ್ಸ್‌ಇ ಫೈಲಿನ ನಕಲು ಬೇರೆ ಕಡೆ ಇಡಿ. ಆಮೇಲೆ ಎಬಿ ಎಎ ಎಎ 3ಎಫ್ ಎಂಬ ನಾಲ್ಕು ಬೈಟ್ ಹುಡುಕಿ. 1.333 ಎಂಬ ಸಂಖ್ಯೆಯನ್ನು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ರೀತಿ ಇದು, ಅಂದರೆ 4:3. ಅದನ್ನು 39 8ಇ ಇ3 3ಎಫ್ ಮಾಡಿದರೆ 16:9. 16:10 ಬೇಕಾದರೆ ಸಿಡಿ ಸಿಸಿ ಸಿಸಿ 3ಎಫ್. ಈ ಬೈಟ್‌ಗಳು ಹಲವು ಕಡೆ ಸಿಗಬಹುದು. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ಬದಲಿಸಿ, ಗೇಮ್ ಓಡಿಸಿ ನೋಡಿ, ಏನೂ ಆಗದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಿ. ಆನ್‌ಲೈನ್ ಆಡುವ ಗೇಮಿನ ಫೈಲಿಗೆ ಮಾತ್ರ ಇದನ್ನು ಮಾಡಲೇಬೇಡಿ. ಚೀಟಿಂಗ್ ಅಂತ ಅಕೌಂಟ್ ಬ್ಯಾನ್ ಆಗಬಹುದು.

ಇನ್ನು ಸ್ಕ್ರೀನಿನ ಹೊರಗೆ ಹೋದ ಚಿತ್ರ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಕ್ಷರಗಳನ್ನು 125 ಅಥವಾ 150 ಪರ್ಸೆಂಟ್ ದೊಡ್ಡದು ಮಾಡಿ ಇಟ್ಟಿರುತ್ತದೆ. ಹಳೇ ಗೇಮಿಗೆ ಇದು ಗೊತ್ತಾಗುವುದಿಲ್ಲ. ಗೇಮಿನ ಎಕ್ಸ್‌ಇ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, "ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್". ಕೆಳಗಿನ ಓವರ್‌ರೈಡ್ ಚೌಕಕ್ಕೆ ಟಿಕ್ ಹಾಕಿ "ಅಪ್ಲಿಕೇಷನ್" ಆರಿಸಿ. ಟಿವಿಗೆ ಎಚ್‌ಡಿಎಂಐ ಹಾಕಿ ಆಡುವಾಗ ನಾಲ್ಕೂ ಅಂಚು ಕತ್ತರಿಸಿದರೆ ಕಂಪ್ಯೂಟರಿನಲ್ಲಿ ಹುಡುಕಬೇಡಿ. ಟಿವಿ ರಿಮೋಟ್‌ನ ಪಿಕ್ಚರ್ ಸೈಜ್ ಮೆನುವಿನಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಎಂಬ ಹೆಸರಿನಲ್ಲಿ ಅದರ ಪರಿಹಾರ ಇರುತ್ತದೆ.